ಉಸಿರು ಹಗೆಯಾದ ಬಗೆ

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಮಾವ ಕಾಗದದ ಒಂದು ಕಟ್ಟು ತಂದು ನನ್ನ ಮುಂದಿಟ್ಟರು. ಹದಿಮೂರು ಗುಂಟೆಯ ವ್ಯಾಜ್ಯ. ತೋಟದ ಬದುವಿನಾಚೆಗಿರುವ ಆ ತುಂಡಿನಲ್ಲಿ ಅವರು ತೆಂಗು ಹಾಕಿ ಮೂವತ್ತು ವರ್ಷವಾಗಿದೆ. ಈಗ ಪಕ್ಕದ ಜಮೀನಿನವರು ಅದು ತಮ್ಮದೆಂದು ದಾವೆ ಹೂಡಿದ್ದಾರೆ. ಮಾವನ ಪರವಾಗಿ ಲಾಯರು ಕೋರ್ಟಿಗೆ ಕೊಟ್ಟ ಉತ್ತರ ಇಂಗ್ಲಿಷಿನಲ್ಲಿತ್ತು. "ಸಹಿ ಹಾಕಿಬಿಟ್ಟಿದೀನಿ. ಏನು ಬರೆದಿದಾರೆ ಅಂತ ಈಗಲಾದರೂ ಗೊತ್ತಾಗಲಿ, ಓದಿ ಹೇಳು" ಅಂದರು.

ಮೂರನೇ ಪುಟದಲ್ಲಿ ನಾನು ತಡವರಿಸಿದೆ. ಅಲ್ಲಿ ಹೀಗಿತ್ತು: ದಾವೆ ಹಾಕಿದವರು 'ಆ್ಯನಿಮಾಸಿಟಿ'ಯಿಂದ ಈ ಸುಳ್ಳು ಕೇಸು ಹಾಕಿದ್ದಾರೆ, ನಮ್ಮ ಮಾವನಿಗಾದರೋ ಮೊದಲಿನಿಂದಲೂ 'ಆ್ಯನಿಮಸ್' ಇತ್ತು, ಆ ಜಾಗ ಅವರ 'ಹಾಸ್ಟೈಲ್' ಸ್ವಾಧೀನದಲ್ಲಿ ಇದೆ. ಮೊದಲನೆಯದು ಹಗೆತನ ಎಂದೆ, ಮಾವ ತಲೆಯಾಡಿಸಿದರು. ಮೂರನೆಯದನ್ನು ಕೇಳಿದ ಕೂಡಲೇ ಕೂತಲ್ಲಿಂದ ಎದ್ದರು. "ಹಗೆ ಸಾಧಿಸ್ತಿರೋನು ಅವನು. ಹಾಸ್ಟೈಲ್ ಅಂತ ನನ್ನ ಹೆಸರಿನ ಪಕ್ಕ ಯಾಕೆ ಬರೆದ ಈ ಲಾಯರು? ಟೀವಿಯಲ್ಲಿ ಸಾಕ್ಷಿ ಹಾಸ್ಟೈಲ್ ಆದ ಅಂತಾರಲ್ಲ, ಅದೇ ತಾನೆ ಇದು?"

ಅವರ ಪ್ರಶ್ನೆ ನ್ಯಾಯವಾದದ್ದೇ. ಆ್ಯನಿಮಾಸಿಟಿ ಮತ್ತು ಆ್ಯನಿಮಸ್ ಒಂದೇ ತಾಯಿಯ ಮಕ್ಕಳು. ಒಂದೇ ಪುಟದಲ್ಲಿ ಒಂದು ಎದುರಾಳಿಗೆ ಬೈಗುಳವಾಗಿದೆ, ಇನ್ನೊಂದು ನಮ್ಮವರಿಗೆ ಗುರಾಣಿಯಾಗಿದೆ. ಅದು ಹೇಗಾಯಿತು ಎಂದು ಹುಡುಕುತ್ತ ಹೋದರೆ ನಮ್ಮ ಅಡುಗೆಮನೆಯ ಸಿಲಿಂಡರಿನವರೆಗೂ ದಾರಿ ಹೋಗುತ್ತದೆ.

ಮೊದಲು ಇವತ್ತಿನ ಅರ್ಥ. ಆ್ಯನಿಮಾಸಿಟಿ ಎಂದರೆ ಬರೀ ಇಷ್ಟವಿಲ್ಲದಿರುವುದಲ್ಲ. ಹಾಗಲಕಾಯಿ ಕಂಡರಾಗದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಹಾಗಲಕಾಯಿಯ ಜೊತೆ ಯಾರಿಗೂ ಆ್ಯನಿಮಾಸಿಟಿ ಇರುವುದಿಲ್ಲ. ಅದು ಮನುಷ್ಯರ ನಡುವಿನದು. ಒಳಗೇ ಕುದಿಯುತ್ತ, ಹೊರಗೆ ಬೀಳಲು ಒಂದು ನೆಪಕ್ಕೆ ಕಾದಿರುವಂಥದ್ದು. ಇಂಗ್ಲಿಷಿನಲ್ಲಿ ಇದರ ಅಕ್ಕಪಕ್ಕ ಇನ್ನೂ ಕೆಲವು ಪದಗಳಿವೆ. ಎನ್‌ಮಿಟಿ ಎಂದರೆ ಇಬ್ಬರ ನಡುವೆ ನೆಲೆಯಾಗಿ ನಿಂತ ವೈರದ ಸ್ಥಿತಿ. ಅದರ ಮೂಲದಲ್ಲಿರುವುದು 'ಗೆಳೆಯನಲ್ಲದವನು' ಎಂಬ ಲ್ಯಾಟಿನ್ ಪದ, ಸಂಸ್ಕೃತದ ಅಮಿತ್ರದಂತೆಯೇ. ಹಾಸ್ಟಿಲಿಟಿ ನಡೆಯಲ್ಲಿ ಕಾಣುವಂಥದ್ದು, ಬಹುವಚನದಲ್ಲಿ ಬಂದರೆ ಯುದ್ಧವೇ. ರ್‍ಯಾಂಕರ್ ಎಂಬುದಕ್ಕೆ ಮೂಲ ಅರ್ಥ ಕಮಟು ವಾಸನೆ. ಹಳೇ ಎಣ್ಣೆ ಕಮಟುವ ಹಾಗೆ ಒಳಗೇ ಇಟ್ಟುಕೊಂಡು ಕೆಟ್ಟ ಸಿಟ್ಟು ಅದು.

ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಆ್ಯನಿಮಾಸಿಟಿಗೆ ಸಿಕ್ಕಿರುವ ಕನ್ನಡ 'ವೈಷಮ್ಯ'. "ಹಳೇ ವೈಷಮ್ಯದ ಹಿನ್ನೆಲೆಯಲ್ಲಿ" ಎಂದು ಶುರುವಾಗುವ ವಾಕ್ಯವನ್ನು ಓದದೆ ಕನ್ನಡಿಗರ ವಾರ ಕಳೆಯುವುದಿಲ್ಲ. ಇದರಲ್ಲಿ ವಿಷ ಇದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, ಇದು ವಿಷಮ ಎಂಬುದರಿಂದ ಬಂದದ್ದು. ಸಮ ಅಲ್ಲದ್ದು, ಏರುಪೇರಾದದ್ದು. ಮಾವನ ಬದುವಿಗೆ ಬೇಕಾದರೆ ಚೆನ್ನಾಗಿ ಒಪ್ಪುತ್ತದೆ.

ಇನ್ನು ಹುಟ್ಟಿನ ಕತೆ. ಲ್ಯಾಟಿನ್‌ನಲ್ಲಿ ಅನಿಮ ಎಂದರೆ ಉಸಿರು, ಜೀವ. ಅನಿಮುಸ್ ಎಂದರೆ ಆ ಜೀವ ಇರುವವನ ಮನಸ್ಸು: ಯೋಚನೆ, ಇಚ್ಛೆ, ಎದೆಗಾರಿಕೆ. ಬಹುವಚನದಲ್ಲಿ ಸೊಕ್ಕು, ಸಿಟ್ಟು ಎಂಬ ಅರ್ಥವೂ ಉಂಟು. ಎರಡರ ಬೇರು 'ಅನ್', ಉಸಿರಾಡು ಎಂದು ಅರ್ಥ. ಅದೇ ಧಾತು ಸಂಸ್ಕೃತದಲ್ಲಿ ಅದೇ ಅರ್ಥದಲ್ಲಿದೆ. ಅನಿಲ ಬಂದದ್ದು ಅಲ್ಲಿಂದ, 'ಪ್ರ' ಸೇರಿಸಿದರೆ ಪ್ರಾಣ. ಊಟಕ್ಕೆ ಕೂತಾಗ ನಮ್ಮ ತಾತ ಎಲೆಯ ಮುಂದೆ ಕೈಯಲ್ಲಿ ನೀರು ಹಿಡಿದು ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ಐದಕ್ಕೂ ಒಂದೊಂದು ಅಗುಳು ಅರ್ಪಿಸುತ್ತಿದ್ದರು. ಆ ಐದರ ಬಾಲದಲ್ಲೂ ಕೂತಿರುವುದು ಇದೇ 'ಅನ್'. ಸೃಷ್ಟಿಯ ಮೊದಲು ಏನಿತ್ತು ಎಂದು ಕೇಳುವ ಋಗ್ವೇದದ ನಾಸದೀಯ ಸೂಕ್ತದಲ್ಲಿ 'ಆನೀದವಾತಂ' ಎಂಬ ಮಾತಿದೆ. ಗಾಳಿಯಿಲ್ಲದೆಯೂ ಆ ಒಂದು ಉಸಿರಾಡುತ್ತಿತ್ತು ಎಂದು. ಅಲ್ಲಿನ ಉಸಿರಾಟದ ಕ್ರಿಯಾಪದವೂ ಇದೇ.

ಪ್ರಾಣ ಇರುವುದರಿಂದ ಪ್ರಾಣಿ. ಅನಿಮ ಇರುವುದರಿಂದ ಆ್ಯನಿಮಲ್. ಬೇರೂ ಒಂದೇ, ಪದ ಕಟ್ಟಿದ ರೀತಿಯೂ ಒಂದೇ. ಆ್ಯನಿಮೇಶನ್ ಅಂದರೆ ಅಕ್ಷರಶಃ ಪ್ರಾಣ ಪ್ರತಿಷ್ಠೆ. ಗ್ರೀಕರ ಗಾಳಿ ಅನೆಮೋಸ್, ಗಾಳಿಯ ವೇಗ ಅಳೆಯುವ ಅನೆಮೋಮೀಟರಿನಲ್ಲಿ ಅದು ಇನ್ನೂ ಉಳಿದಿದೆ. ಕನ್ನಡದಲ್ಲಿ ಅನಿಲ ಎಂಬುದು ಗಾಳಿಯಿಂದ ಗ್ಯಾಸಿಗೆ ಇಳಿದು, ಅಡುಗೆ ಅನಿಲವಾಗಿ ಸಿಲಿಂಡರ್ ಸೇರಿತು. ಸಿಲಿಂಡರಿಗೂ ಅಣ್ಣತಮ್ಮಂದಿರ ಹಗೆಗೂ ನಂಟುಂಟು ಎಂದು ಹೇಳಿದಾಗ ಅತ್ತೆ ನಗಲಿಲ್ಲ. "ಇರಲೇಬೇಕಲ್ಲ, ಎರಡೂ ಯಾವಾಗ ಹತ್ತಿಕೊಳ್ಳುತ್ತೋ ಗೊತ್ತಾಗಲ್ಲ" ಅಂದರು.

ಅನಿಮುಸ್‌ಗೆ ಲ್ಯಾಟಿನ್‌ನವರು ಒಂದು ಬಾಲ ಸೇರಿಸಿದರು: 'ಓಸುಸ್'. ತುಂಬಿರುವ, ಧಾರಾಳವಾಗಿರುವ ಎಂದು ಅರ್ಥ. ಅನಿಮೋಸುಸ್ ಎಂದರೆ ಅನಿಮುಸ್ ತುಂಬಿದವನು, ನಮ್ಮ ಮಾತಿನಲ್ಲಿ ಗಂಡೆದೆಯವನು, ಗುಂಡಿಗೆ ಇರುವವನು. ಕ್ರಿಸ್ತಪೂರ್ವ ಮೊದಲ ಶತಮಾನದ ಕವಿ ಹೊರೇಸ್ ಕಷ್ಟ ಬಂದಾಗ ಹೇಗಿರಬೇಕೆಂದು ಗೆಳೆಯನಿಗೆ ಹೇಳುವಾಗ ಬಳಸುವ ಪದ ಇದೇ, ಧೀರನಾಗಿರು ಎಂದು. ಅವನ ಕಾಲದವನೇ ಆದ ವರ್ಜಿಲ್ ಬೆಟ್ಟದ ತುದಿಯ ಮರಗಳನ್ನು ಮುರಿದು ಹಾಕುವ ಮೂಡಣ ಗಾಳಿಯನ್ನು ಅನಿಮೋಸುಸ್ ಎಂದು ಕರೆಯುತ್ತಾನೆ. ಗಾಳಿಗೆ ಹುಟ್ಟಿದ ಪದ ಸುತ್ತಿ ಬಳಸಿ ಮತ್ತೆ ಗಾಳಿಗೇ ಬಂತು. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ಆಗಲಿರುವುದು ಆಗಲೇ ಕಾಣುತ್ತದೆ. ಹೊರೇಸನ ಗೆಳೆಯನಿಗೆ ಅದು ಗುಣ. ಬೆಟ್ಟದ ಮೇಲಿನ ಮರವನ್ನು ಕೇಳಿದ್ದರೆ ಅದು ಬೇರೆ ಮಾತು ಹೇಳುತ್ತಿತ್ತು.

ಅನಿಮೋಸುಸ್‌ನಿಂದ ಭಾವನಾಮ ಅನಿಮೋಸಿತಾಸ್. ಆ್ಯನಿಮಾಸಿಟಿಯ ನೇರ ಪೂರ್ವಜ ಇದೇ. ಇದು ಎಲ್ಲಿ ಜಾರಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಜಾಗವಿದೆ, ಬೈಬಲ್ಲಿನ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ, 11ನೆಯ ಅಧ್ಯಾಯ, 27ನೆಯ ವಚನ. ಮೋಶೆ ಅರಸನ ಯಾವುದಕ್ಕೋ ಅಂಜದೆ ಈಜಿಪ್ಟನ್ನು ಬಿಟ್ಟು ಹೊರಟ ಎಂಬ ಮಾತು. ಯಾವುದಕ್ಕೆ ಅಂಜದೆ? ಮೂಲ ಗ್ರೀಕಿನಲ್ಲಿರುವುದು ಥುಮೋಸ್. ಸುಮಾರು 400ರ ಹೊತ್ತಿಗೆ ರೂಪುಗೊಂಡ ಲ್ಯಾಟಿನ್ ಬೈಬಲ್ ಅದಕ್ಕೆ ಅನಿಮೋಸಿತಾಸ್ ಎಂದು ಇಟ್ಟಿತು. ಇಲ್ಲಿ ಸಿಂಹಾಸನದ ಮೇಲೆ ಕೂತವನ ಗಂಡೆದೆಯನ್ನು ನಾವು ನೋಡುತ್ತಿರುವುದು ಓಡಿಹೋಗುವವನ ಕಣ್ಣಿಂದ. ಅವನಿಗೆ ಅದು ಉಗ್ರಕೋಪ.

ಆದರೆ 14ನೆಯ ಶತಮಾನದ ಕೊನೆಗೆ, ವಿಕ್ಲಿಫ್‌ನ ಹೆಸರಿನಲ್ಲಿರುವ ಬೈಬಲ್ ಇಂಗ್ಲಿಷಿಗೆ ಬಂದಾಗ, ಅದೇ ಲ್ಯಾಟಿನ್ ಪದವನ್ನು ಅನುವಾದಕರು 'ಹಾರ್ಡಿನೆಸ್' ಎಂದು ಮಾಡಿದರು. ಅಂದರೆ ಕೆಚ್ಚು, ದಿಟ್ಟತನ. ಪದದ ಹಳೇ ಅರ್ಥವನ್ನೇ ಹಿಡಿದುಕೊಂಡರು. 1582ರಲ್ಲಿ ಕ್ಯಾಥೊಲಿಕರು ಅದೇ ಲ್ಯಾಟಿನ್‌ನಿಂದ ಮಾಡಿದ ಅನುವಾದದಲ್ಲಿ 'ಫಿಯರ್ಸ್‌ನೆಸ್', ಉಗ್ರತೆ. 1611ರ ಕಿಂಗ್ ಜೇಮ್ಸ್ ಬೈಬಲ್ ಗ್ರೀಕಿನಿಂದ ಬಂದದ್ದು. ಅದರಲ್ಲಿ 'ರಾತ್', ಬರೀ ಕ್ರೋಧ. ಒಬ್ಬನೇ ಅರಸ, ಒಂದೇ ಘಳಿಗೆ, ಕೆಚ್ಚಿನಿಂದ ಕ್ರೋಧದವರೆಗೆ ಮೂರು ಮೆಟ್ಟಿಲು. ಅನುವಾದ ಮಾಡುವವರು ಈ ವಚನವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಥುಮೋಸ್‌ನದ್ದೂ ಇದೇ ಕತೆ ಎಂಬುದು ಇನ್ನೊಂದು ಸ್ವಾರಸ್ಯ. ಗ್ರೀಕ್ ಕವಿ ಹೋಮರನಲ್ಲಿ ಅದು ವೀರನ ಎದೆಯೊಳಗಿನ ಉತ್ಸಾಹ, ಜೀವಬಲ. ಆಮೇಲಾಮೇಲೆ ಸಿಟ್ಟು ಎಂಬ ಅರ್ಥ ಗಟ್ಟಿಯಾಯಿತು. ಅದರ ಸಂಸ್ಕೃತದ ನೆಂಟ ಯಾರು ಗೊತ್ತೇ? ಧೂಮ. ಹಗೆ ಹೊಗೆಯಾಡುತ್ತಿದೆ ಎಂದು ನಾವು ಹೇಳುವುದು ಉಪಮೆ ಎಂದುಕೊಂಡಿದ್ದೆ, ಗ್ರೀಕರು ಅದನ್ನು ನಿಘಂಟಿನೊಳಗೇ ಇಟ್ಟಿದ್ದರು.

ಆ್ಯನಿಮಾಸಿಟಿ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನ ಮೂಲಕ, 15ನೆಯ ಶತಮಾನದಲ್ಲಿ. ಬಂದಾಗ ಅದರ ಅರ್ಥ ಧೈರ್ಯ, ಚೈತನ್ಯ. 1600ರ ಆಸುಪಾಸಿನಲ್ಲಿ ಹಗೆ ಎಂಬ ಅರ್ಥ ಸೇರಿಕೊಂಡಿತು, ಸ್ವಲ್ಪ ಕಾಲ ಎರಡೂ ಒಂದೇ ಸೂರಿನಡಿ ಬಾಳಿದವು, ಆಮೇಲೆ ಧೈರ್ಯ ಮನೆ ಬಿಟ್ಟು ಹೋಯಿತು. ಇವತ್ತು ಯಾರಾದರೂ ಸೈನಿಕನೊಬ್ಬನ ಆ್ಯನಿಮಾಸಿಟಿಯನ್ನು ಹೊಗಳಿ ಬರೆದರೆ ಸಂಪಾದಕರು ಅಡಿಗೆರೆ ಎಳೆಯುತ್ತಾರೆ.

ಒಂದು ಒಳ್ಳೇ ಪದ ಹೀಗೇಕೆ ಕೆಟ್ಟಿತು? ಉತ್ತರಕ್ಕೆ ಲ್ಯಾಟಿನ್‌ವರೆಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ನಾವು ದಿನಾ ಬಳಸುವ 'ವೈರ' ಎಲ್ಲಿಂದ ಬಂತು? 'ವೀರ'ದಿಂದ. ಶಿವನಿಂದ ಶೈವ, ಧೀರನಿಂದ ಧೈರ್ಯ ಆದ ಹಾಗೆ ಮೊದಲ ಸ್ವರ ಹಿಗ್ಗಿ ವೀರನಿಂದ ವೈರ. ವೀರನಿಗೆ ಸಂಬಂಧಪಟ್ಟದ್ದು ಅಂತಷ್ಟೇ ಪದದ ಅರ್ಥ. ಆದರೆ ವೀರನಿಗೆ ಸಂಬಂಧಪಟ್ಟದ್ದು ಏನಿರುತ್ತದೆ? ಅವನು ಕೊಂದವರ ಕಡೆಯವರು ಇರುತ್ತಾರೆ.

ಹಳೇ ಕಾಲದಲ್ಲಿ ಇದು ಬರೀ ಭಾವನೆಯೂ ಆಗಿರಲಿಲ್ಲ, ಲೆಕ್ಕ ಆಗಿತ್ತು. ಋಗ್ವೇದದಲ್ಲೇ 'ವೈರದೇಯ', ಅಂದರೆ ವೈರಕ್ಕಾಗಿ ಕೊಡಬೇಕಾದದ್ದು, ಎಂಬ ಪದ ಬರುತ್ತದೆ. ಆಪಸ್ತಂಬ ಧರ್ಮಸೂತ್ರವಂತೂ ದರಪಟ್ಟಿಯನ್ನೇ ಕೊಡುತ್ತದೆ: ಕ್ಷತ್ರಿಯನನ್ನು ಕೊಂದವನು ವೈರ ತೀರಿಸುವುದಕ್ಕೆ ಸಾವಿರ ಹಸು ಕೊಡಬೇಕು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು. ಜಾತಿಗೊಂದು ಬೆಲೆ, ಆ ಅನ್ಯಾಯ ಅಲ್ಲೇ ಎದ್ದು ಕಾಣುತ್ತದೆ. ಪದದ ಮಟ್ಟಿಗೆ ಗಮನಿಸಬೇಕಾದ್ದು, ವೈರ ಇಲ್ಲಿ ಸಾಲದ ಹಾಗೆ ತೀರಿಸಬಹುದಾದದ್ದು. ಅತ್ತ ಇಂಗ್ಲೆಂಡಿನ ಹಳೇ ಕಾನೂನಿನಲ್ಲೂ ಕೊಂದವನು ಸತ್ತವನ ಕುಟುಂಬಕ್ಕೆ ಕಟ್ಟಬೇಕಾದ ಹಣ ಇತ್ತು, ಅದರ ಹೆಸರು ವೆರ್‌ಗಿಲ್ಡ್. ಆ 'ವೆರ್' ಮತ್ತು ನಮ್ಮ 'ವೀರ' ಒಂದೇ ಬೇರಿನವು, ಲ್ಯಾಟಿನ್‌ನಲ್ಲಿ ಗಂಡಸು ಎಂಬ ಅರ್ಥದ 'ವಿರ್' ಕೂಡ. ಸದ್ಗುಣ ಎಂಬ ಅರ್ಥದ ವರ್ಚ್ಯೂ ಆ 'ವಿರ್'ನಿಂದ ಹುಟ್ಟಿತು. ಒಂದೇ ಬೇರಿನಲ್ಲಿ ಅಲ್ಲಿ ಸದ್ಗುಣ, ಇಲ್ಲಿ ವೈರ.

ತೀರಿಸುವ ಮಾತು ಬಂದಾಗ ಕನ್ನಡದ 'ಮುಯ್ಯಿ' ನೆನಪಾಗದೆ ಇರದು. ಮದುವೆಯಲ್ಲಿ ಓದಿಸುವುದೂ ಮುಯ್ಯಿ, ಸೇಡೂ ಮುಯ್ಯಿ. ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಂತೆ ನೆನಪಿಟ್ಟುಕೊಂಡು ಹಿಂತಿರುಗಿಸುತ್ತೇವೆ.

ಹಾಗಾದರೆ ಆ್ಯನಿಮಾಸಿಟಿ ಕೆಟ್ಟಿತು ಎಂದು ಹೇಳುವುದಕ್ಕಿಂತ ಅದು ಬದುವಿನ ಆಚೆಗೆ ಹೋಗಿ ನಿಂತಿತು ಎನ್ನುವುದು ಸರಿ. ನಮ್ಮವನಲ್ಲಿದ್ದರೆ ಎದೆಗಾರಿಕೆ, ಎದುರಿನವನಲ್ಲಿದ್ದರೆ ಹಗೆ. ಪದಾರ್ಥ ಅದೇ, ನೋಡುವವನು ಬೇರೆ. ಕನ್ನಡದ 'ಛಲ' ಇದಕ್ಕೆ ತಿರುಗುಮುರುಗಾಗಿ ನಡೆದದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ. ಸಂಸ್ಕೃತದಲ್ಲಿ ಛಲ ಎಂದರೆ ಮೋಸ, ಕಪಟ. ಕನ್ನಡಕ್ಕೆ ಬಂದು ಅದು ಬಿಡದ ಹಟವಾಯಿತು, ಮೆಚ್ಚುವ ಗುಣವಾಯಿತು. 10ನೆಯ ಶತಮಾನದಲ್ಲೇ ಪಂಪ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಗುಣಕ್ಕೆ ನೆನೆಯುವಾಗ ಮೊದಲು ಎತ್ತುವುದು ದುರ್ಯೋಧನನ ಛಲವನ್ನು. ಹಸ್ತಿನಾವತಿಯ ದಾಯಾದಿಗಳಿಗೆ ಯಾವುದು ಹಗೆಯೋ ಅದು ಪಂಪನಿಗೆ ಛಲ. 'ಜಿದ್ದು' ಇನ್ನೊಂದು. ಅರಬ್ಬಿಯಲ್ಲಿ ಅದು ವಿರುದ್ಧ, ಎದುರಾಳಿ, ಹಿಂದುಸ್ತಾನಿಯಲ್ಲಿ ಹಟಮಾರಿತನ, ಕನ್ನಡದಲ್ಲಿ ಎರಡೂ. ಜಿದ್ದಿಗೆ ಬಿದ್ದು ಓದಿದ ಅಂದರೆ ಮೆಚ್ಚುಗೆ, ಜಿದ್ದು ಸಾಧಿಸಿದ ಅಂದರೆ ದೂರು. ಇಂಗ್ಲಿಷಿನವರು 1600ರ ಆಚೀಚೆ ಕಳೆದುಕೊಂಡ ಜೋಡಿ ಅರ್ಥವನ್ನು ಈ ಎರಡಕ್ಷರ ಇನ್ನೂ ಹೊತ್ತುಕೊಂಡು ಓಡಾಡುತ್ತಿದೆ.

ಅನಿಮುಸ್‌ನ ಉಳಿದ ಮಕ್ಕಳು ಇಷ್ಟು ಕೆಡಲಿಲ್ಲ. ಮ್ಯಾಗ್ನಾನಿಮಸ್ ಎಂದರೆ ದೊಡ್ಡ ಮನಸ್ಸಿನವನು. ಪದಕ್ಕೆ ಪದ ಇಟ್ಟರೆ ಮಹಾಪ್ರಾಣ ಎನ್ನಬಹುದಿತ್ತು, ಆದರೆ ಆ ಹೆಸರನ್ನು ಖ, ಘಗಳು ಮೊದಲೇ ಹಿಡಿದುಕೊಂಡಿವೆ. ಯುನಾನಿಮಸ್, ಎಲ್ಲರದ್ದೂ ಒಂದೇ ಮನಸ್ಸು, ಪಂಚಾಯಿತಿಯ ಸರ್ವಾನುಮತ. ಈಕ್ವಾನಿಮಿಟಿ, ಸಮಚಿತ್ತ. ಇವೆಲ್ಲದರ ಜೊತೆ ಎಂಥ ಮನಸ್ಸು ಎಂದು ಹೇಳುವ ಇನ್ನೊಂದು ಪದ ಅಂಟಿಕೊಂಡಿದೆ: ದೊಡ್ಡದು, ಒಂದಾದದ್ದು, ಸಮನಾದದ್ದು. ಆ್ಯನಿಮಾಸಿಟಿಯಲ್ಲಿ ಇರುವುದು ಬರೀ 'ತುಂಬಿದೆ' ಎಂಬುದು. ಏನು ತುಂಬಿದೆ ಎಂದು ಹೇಳಲು ಯಾರೂ ಇಲ್ಲದ್ದರಿಂದ, ಎದುರಿಗೆ ನಿಂತವರು ತಮಗೆ ತೋಚಿದ್ದನ್ನು ತುಂಬಿದರು.

ಈಗ ಮಾವನ ಮೂರನೇ ಪುಟಕ್ಕೆ ಬರಬಹುದು. ವಕೀಲರ ಲ್ಯಾಟಿನ್ ಸಂತೆಗೆ ಇಳಿಯಲಿಲ್ಲ, ಹಾಗಾಗಿ ಅಷ್ಟಾಗಿ ಸವೆಯಲೂ ಇಲ್ಲ. ಅನಿಮುಸ್‌ಗೆ ರೋಮ್‌ನಲ್ಲಿದ್ದ ಇಚ್ಛೆ, ಉದ್ದೇಶ ಎಂಬ ಅರ್ಥ ಅಲ್ಲಿ ಹಾಗೇ ಉಳಿದಿದೆ. 'ಅನಿಮಸ್ ಪೊಸಿಡೆಂಡಿ' ಎಂದರೆ ಇದು ನನ್ನದೆಂದು ಇಟ್ಟುಕೊಳ್ಳುವ ಉದ್ದೇಶ. ಬೇರೆಯವರ ಹೆಸರಿನ ಜಮೀನು ಹನ್ನೆರಡು ವರ್ಷ ಒಬ್ಬನ ಸ್ವಾಧೀನದಲ್ಲೇ ಇದ್ದು, ಅಷ್ಟೂ ಕಾಲ ಒಡೆಯ ಸುಮ್ಮನಿದ್ದರೆ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಒಡೆಯ ಅದನ್ನು ವಾಪಸು ಕೇಳುವ ಹಕ್ಕು ಕಳೆದುಕೊಳ್ಳಬಹುದು. ಸರ್ಕಾರಿ ಜಮೀನಾದರೆ ಮೂವತ್ತು ವರ್ಷ. ಇದನ್ನು ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಆದರೆ ಸುಮ್ಮನೆ ಉಳುತ್ತಿದ್ದರೆ ಸಾಲದು. ಗೇಣಿಗೆ ಪಡೆದವನೂ ಉಳುತ್ತಾನೆ, ನೋಡಿಕೊಳ್ಳಲು ಬಿಟ್ಟವನೂ ಉಳುತ್ತಾನೆ. ನನ್ನದೇ ಎಂಬ ಉದ್ದೇಶದಿಂದ ಉಳುತ್ತಿದ್ದೆ ಎಂದು ತೋರಿಸಬೇಕು. 2004ರಲ್ಲಿ ಕರ್ನಾಟಕ ವಕ್ಫ್ ಮಂಡಳಿ ಮತ್ತು ಕೇಂದ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನದ ಜೊತೆಗೆ ಈ ಅನಿಮಸ್ ಇರುವುದೇ ಅತಿ ಮುಖ್ಯ ಎಂದಿತು.

ಸಾಮಾನ್ಯ ಇಂಗ್ಲಿಷಿನಲ್ಲಿ ಮಾತ್ರ ಆ್ಯನಿಮಸ್ ಕೂಡ ಅಕ್ಕನ ದಾರಿಯನ್ನೇ ಹಿಡಿದಿದೆ. ಯಾರದೋ ಮೇಲೆ ಆ್ಯನಿಮಸ್ ಇದೆ ಎಂದರೆ ಕೆಡುಕಿನ ಭಾವ ಇದೆ ಎಂದೇ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1996ರಲ್ಲಿ, ಸಲಿಂಗಿಗಳಿಗೆ ಕಾನೂನಿನ ರಕ್ಷಣೆ ಸಿಗದಂತೆ ಮಾಡಿದ ಕೊಲರಾಡೊ ರಾಜ್ಯದ ತಿದ್ದುಪಡಿಯನ್ನು ರದ್ದು ಮಾಡುವಾಗ, ಇದಕ್ಕೆ ಆ್ಯನಿಮಸ್ ಬಿಟ್ಟು ಬೇರೆ ಕಾರಣ ಕಾಣುತ್ತಿಲ್ಲ ಎಂದು ಬರೆದದ್ದು ದ್ವೇಷ ಎಂಬ ಅರ್ಥದಲ್ಲಿ. ಅಲ್ಲಿ ಆ್ಯನಿಮಸ್ ಇದ್ದರೆ ಕೇಸು ಸೋಲುತ್ತದೆ, ಇಲ್ಲಿ ಇಲ್ಲದಿದ್ದರೆ ಸೋಲುತ್ತದೆ.

'ಹಾಸ್ಟೈಲ್' ಎಂಬುದೂ ಹಾಗೆಯೇ. ಒಡೆಯನ ಅಪ್ಪಣೆಯಿಂದಲ್ಲ, ಅವನ ಹಕ್ಕಿಗೆ ಎದುರಾಗಿ ಎಂದಷ್ಟೇ ಅದರ ಅರ್ಥ. ತಮಾಷೆಯೆಂದರೆ ಇದೇ ಕಾನೂನು ಸ್ವಾಧೀನ ಶಾಂತವಾಗಿರಬೇಕು, ಬಲಪ್ರಯೋಗ ಇರಬಾರದು ಎಂದೂ ಹೇಳುತ್ತದೆ. ಜಗಳವಾಡದೆ ಹಾಸ್ಟೈಲ್ ಆಗಿರಬೇಕು. ಸಾಕ್ಷಿ ಹಾಸ್ಟೈಲ್ ಆಗುವುದು ಕೂಡ ಯಾರದೋ ಮೇಲಿನ ದ್ವೇಷದಿಂದಲ್ಲ, ಕರೆಸಿದವರ ಪರವಾಗಿ ನುಡಿಯದೆ ತಿರುಗಿಬಿದ್ದ ಎಂದಷ್ಟೇ.

ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಮಾವನಿಗೆ ಒಂದು ಹಳೇ ಕಾನೂನಿನ ಸಾಲನ್ನೂ ಓದಿ ಹೇಳಿದೆ. ಹಾಸ್ಟೈಲ್ ಎಂಬುದರ ಮೂಲ ಲ್ಯಾಟಿನ್‌ನ ಹೋಸ್ಟಿಸ್. ಆಮೇಲೆ ಅದಕ್ಕೆ ಶತ್ರು ಎಂಬ ಅರ್ಥ ಬಂತು, ಮೊದಲು ಪರಊರಿನವನು ಎಂದಷ್ಟೇ ಇತ್ತು ಎಂದು ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೋ ಸ್ವತಃ ಬರೆದಿದ್ದಾನೆ. ಅದಕ್ಕೆ ಅವನು ಕೊಡುವ ಆಧಾರ ಕ್ರಿಸ್ತಪೂರ್ವ 450ರ ಸುಮಾರಿನ ರೋಮ್‌ನ ಹನ್ನೆರಡು ಫಲಕಗಳ ಕಾನೂನು. ಹೋಸ್ಟಿಸ್‌ನ ಎದುರು ಒಡೆತನದ ಹಕ್ಕು ಎಂದೆಂದಿಗೂ ಇರುತ್ತದೆ ಎಂದು ಅಲ್ಲಿದೆ. ರೋಮ್‌ನಲ್ಲೂ ನಮ್ಮ ಹನ್ನೆರಡು ವರ್ಷದಂಥ ನಿಯಮವಿತ್ತು, ಜಮೀನಿಗೆ ಅಲ್ಲಿ ಎರಡೇ ವರ್ಷ. ಆದರೆ ಅದು ಊರಿನವರಿಗೆ ಮಾತ್ರ. ಹೊರಗಿನವನು ಎಷ್ಟು ಕಾಲ ಉತ್ತರೂ ಜಮೀನು ಅವನದಾಗುವುದಿಲ್ಲ ಎಂದು ಆ ಸಾಲಿನ ತಾತ್ಪರ್ಯ. ಅಂದರೆ ಅಲ್ಲಿ ಹೋಸ್ಟಿಸ್ ಆದವನಿಗೆ ಬದು ದಾಟಿದ ಜಮೀನು ಸಿಗುತ್ತಿರಲಿಲ್ಲ, ಇಲ್ಲಿ ಹಾಸ್ಟೈಲ್ ಆಗದವನಿಗೆ ಸಿಗುವುದಿಲ್ಲ.

ಮಾವ ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಕಣೋ, ತೆಂಗಿನ ಸಸಿ ನೆಡೋವಾಗ ಗುಂಡಿ ತೋಡಿಕೊಟ್ಟಿದ್ದೇ ಅವರಪ್ಪ. ಆವಾಗ ನನಗೆ ಆ ಅನಿಮಸ್ಸು ಇತ್ತು ಅಂತ ಹೇಳಬೇಕಾ ಈಗ ಕೋರ್ಟಲ್ಲಿ?"